ಡೀಸೆಲ್ ಯಂತ್ರದ ಬಲ ಆಗಾಗ ಕುಂದುವುದೇಕೆ?

ಚರಂಡಿ ತೋಡುವಲ್ಲಿ, ತಳಪಾಯ ಅಗೆಯುವಲ್ಲಿ, ಮಣ್ಣನ್ನು ಲಾರಿಗೆ ತುಂಬುವಲ್ಲಿ ಸಣ್ಣ ಗಾತ್ರದ ಯಂತ್ರಗಳು ದುಡಿಯುವುದನ್ನು ನಗರವಾಸಿಗಳಾದ ನಾವು ಪ್ರತಿದಿನವೂ ಕಾಣುತ್ತೇವೆ. ಜನರು ಇವನ್ನೆಲ್ಲ ‘ಜೆ.ಸಿ.ಬಿ.’ ಎಂಬ ಒಂದೇ ಹೆಸರಿನಿಂದ ಕರೆದರೂ ಇವುಗಳಲ್ಲಿ ಹಲವು ಬಗೆಗಳುಂಟು. ಇಕ್ಕಟ್ಟಾದ ಜಾಗದಲ್ಲಿ ನಿಂತಲ್ಲಿಯೇ ತಿರುಗಬಲ್ಲ ‘ಸ್ಕಿಡ್ ಸ್ಟಿಯರ್ ಲೋಡರ್’ ಅವುಗಳಲ್ಲೊಂದು. ಅಮೆರಿಕದ ಮಿನೆಸೋಟದಲ್ಲಿ ಕೆಲ್ಲರ್ ಸಹೋದರರು 1957ರಲ್ಲಿ ಟರ್ಕಿ ಕೋಳಿ ಸಾಕುವ ಕೊಟ್ಟಿಗೆಯನ್ನು ಶುಚಿಮಾಡಲೆಂದು ನಿರ್ಮಿಸಿದ ಮೂರು ಚಕ್ರದ ಗಾಡಿಯೇ ಅದರ ಮೂಲರೂಪ. ಇಂತಹ ಯಂತ್ರಗಳಿಗೆ ಸಾಮಾನ್ಯವಾಗಿ ಬಲವನ್ನೀಯುವುದು ಡೀಸೆಲ್ ಎಂಜಿನ್. ಕೆಲಸದ ನಡುವೆ ಅದರ ಬಲ ಕುಂದಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಮರಳಿ ಬರುವುದುಂಟು. ಈ ವಿಚಿತ್ರ ದೋಷದ ಕಾರಣವನ್ನು ಕಂಡುಹಿಡಿಯುವ ಕ್ರಮವನ್ನು ಇಲ್ಲಿ ವಿಚಾರಮಾಡೋಣ.

ಪೂರ್ತಿಯಾಗಿ ಕೆಟ್ಟು ನಿಂತ ಯಂತ್ರದ ದೋಷವನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಬಂದುಹೋಗುವ ದೋಷವಾದರೋ ಮೆಕ್ಯಾನಿಕ್ ಬರುವ ವೇಳೆಗೆ ಮಾಯವಾಗಿರುತ್ತದೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದುಡಿಯುವ ಯಂತ್ರವು ನಿಂತರೆ ಒಡೆಯನ ಆದಾಯವೂ ಚಾಲಕನ ಅಂದಿನ ಗಳಿಕೆಯೂ ನಿಲ್ಲುವುವು. ಆತುರದಲ್ಲಿ ಬೆಲೆಬಾಳುವ ಇಂಜೆಕ್ಷನ್ ಪಂಪನ್ನೇ ಬದಲಾಯಿಸಿದರೆ, ಹಣ ಹೋಗಿಯೂ ದೋಷವು ಉಳಿಯಬಹುದು. ಆದುದರಿಂದ ಇಲ್ಲಿ ಕೈಗಿಂತ ಮೊದಲು ಕಣ್ಣು, ಕಿವಿ, ಬುದ್ಧಿಗಳು ಕೆಲಸಮಾಡತಕ್ಕದ್ದು.

ಮೊದಲು ಎಂಜಿನ್ನಿನ ಸ್ವಭಾವವನ್ನು ಸಂಕ್ಷೇಪವಾಗಿ ತಿಳಿಯೋಣ. ಜರ್ಮನಿಯ ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಇದನ್ನು ಯಶಸ್ವಿಯಾಗಿ ನಡೆಸಿ ತೋರಿಸಿದನು. ಪೆಟ್ರೋಲ್ ಎಂಜಿನ್ನಿನಲ್ಲಿರುವಂತೆ ಕಿಡಿ ಹಾರಿಸುವ ಸಾಧನ ಇದರಲ್ಲಿಲ್ಲ. ಪಿಸ್ಟನ್ನು ಸಿಲಿಂಡರಿನೊಳಗಿನ ಗಾಳಿಯನ್ನು ಹದಿನಾರರಿಂದ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಆ ಕಾದ ಗಾಳಿಯೊಳಕ್ಕೆ ಇಂಜೆಕ್ಟರು ಡೀಸೆಲನ್ನು ಮಂಜಿನಂತೆ ಸಿಂಪಡಿಸುತ್ತದೆ. ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಒಂದು ಲೀಟರ್ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು ಹತ್ತು ಸಾವಿರ ಲೀಟರ್ ಗಾಳಿ ಬೇಕು! ಶುದ್ಧವಾದ ಇಂಧನ, ಸಾಕಷ್ಟು ಗಾಳಿ, ಮಿತವಾದ ಶಾಖ ಇವು ಮೂರರಲ್ಲಿ ಒಂದು ತಪ್ಪಿದರೂ ಬಲವು ಕುಂದುವುದು.

ಪರೀಕ್ಷೆಯ ಮೊದಲ ಪ್ರಶ್ನೆ ಇದು: ಕುಂದಿದ್ದು ಎಂಜಿನ್ನೋ ಹೈಡ್ರಾಲಿಕ್ ವ್ಯವಸ್ಥೆಯೋ? ಮಣ್ಣಿನ ಬಕೆಟ್ಟನ್ನು ಎತ್ತುವುದು ಎಣ್ಣೆಯ ಒತ್ತಡ. ಆ ಒತ್ತಡಕ್ಕೆ ಕಾರಣವಾದ ಪಂಪನ್ನು ತಿರುಗಿಸುವುದು ಎಂಜಿನ್. ಎಂಜಿನ್ನು ಎಂದಿನ ವೇಗದಲ್ಲಿಯೇ ತಿರುಗುತ್ತಿದ್ದು ಬಕೆಟ್ಟು ಮಾತ್ರ ನಿಧಾನವಾದರೆ ದೋಷವನ್ನು ಮೊದಲು ಹೈಡ್ರಾಲಿಕ್ ಭಾಗದಲ್ಲಿ ಹುಡುಕಬೇಕು. ಎಂಜಿನ್ನಿನ ಧ್ವನಿಯೇ ಅಡಗಿ, ವೇಗವೇ ಇಳಿದರೆ ದೋಷವು ಬಹುಮಟ್ಟಿಗೆ ಎಂಜಿನ್ನಿನ ಕಡೆಯದು.

ಒಂದೇ ದೂರಿಗೆ ಎರಡು ಕಾರಣಗಳು ಹೇಗಿರಬಲ್ಲವೆಂಬುದನ್ನು ತಿಳಿಯಲು ನೆರೆಯ ಆಂಧ್ರಪ್ರದೇಶದ ಎರಡು ನಗರಗಳನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ. ವಿಶಾಖಪಟ್ಟಣವು ಸಮುದ್ರತೀರದ ಬಂದರು. ಅಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ನೆಲದಲ್ಲಿ ಗುಡ್ಡಗಳ ಏರಿಳಿತ ಹೆಚ್ಚು. ಸುಮಾರು 350 ಕಿಲೋಮೀಟರ್ ದೂರದ ವಿಜಯವಾಡವು ನಮ್ಮ ನಾಡನ್ನು ಹಾದು ಹೋಗುವ ಕೃಷ್ಣಾನದಿಯ ದಡದಲ್ಲಿದೆ. ಅಲ್ಲಿನ ಬೇಸಿಗೆಯ ಉಷ್ಣತೆ 45 ಡಿಗ್ರಿಯನ್ನು ಮುಟ್ಟುವುದುಂಟು. ಎರಡೂ ಕಡೆ ಒಂದೊಂದು ಲೋಡರ್ ಕೆಲಸಮಾಡುತ್ತಿದೆಯೆಂದು ಭಾವಿಸೋಣ. ಎರಡರ ಚಾಲಕರೂ ಹೇಳುವುದು ಒಂದೇ ಮಾತು: “ನಡುನಡುವೆ ಬಲ ಸಾಲದು.”

ವಿಶಾಖಪಟ್ಟಣದ ಯಂತ್ರವು ಗುಡ್ಡದ ಇಳಿಜಾರಿನಲ್ಲಿ ಅಗೆಯುತ್ತಿದೆ. ಒಂದು ಗಂಟೆ ಚೆನ್ನಾಗಿ ನಡೆದು ಬಲ ಕಳೆದುಕೊಳ್ಳುತ್ತದೆ, ಹೊಗೆ ಹೆಚ್ಚಿಲ್ಲ. ಹತ್ತು ನಿಮಿಷ ನಿಲ್ಲಿಸಿದರೆ ಸರಿಹೋಗುತ್ತದೆ. ಹೊಗೆಯಿಲ್ಲದೆ ಬಲ ಕುಂದುವುದು ಇಂಧನದ ಕೊರತೆಯ ಸೂಚನೆ. ಎಣ್ಣೆಯ ಡಬ್ಬಿಗೆ ನಮ್ಮ ತಾಯಂದಿರು ಎರಡು ತೂತು ಮಾಡುವುದನ್ನು ನೋಡಿದ್ದೀರಷ್ಟೆ? ಒಂದು ಎಣ್ಣೆ ಸುರಿಯಲು, ಇನ್ನೊಂದು ಗಾಳಿ ಒಳಹೋಗಲು. ಹಾಗೆಯೇ ಡೀಸೆಲ್ ಟ್ಯಾಂಕಿಗೂ ಗಾಳಿರಂಧ್ರವಿರುತ್ತದೆ. ಅನೇಕ ಯಂತ್ರಗಳಲ್ಲಿ ಅದು ಮುಚ್ಚಳದಲ್ಲಿಯೇ ಇರುವುದು. ಅದು ಕೆಸರಿನಿಂದ ಮುಚ್ಚಿದರೆ ಟ್ಯಾಂಕಿನೊಳಗೆ ಒತ್ತಡ ಇಳಿದು ಡೀಸೆಲ್ ಹರಿಯಲಾರದು. ಬಲ ಕುಂದಿದೊಡನೆ ಯಂತ್ರವನ್ನು ನಿಲ್ಲಿಸಿ ಮುಚ್ಚಳವನ್ನು ಸಡಿಲಿಸಿದಾಗ ‘ಉಸ್’ ಎಂದು ಗಾಳಿ ಒಳನುಗ್ಗಿ, ಬಳಿಕ ಎಂಜಿನ್ನು ಬಲವಾಗಿ ನಡೆದರೆ ಕಾರಣ ಸಿಕ್ಕಿತು. ಖರ್ಚು ಏನೂ ಇಲ್ಲ.

ಹಾಗಾಗದಿದ್ದರೆ ಮುಂದೆ ನೋಡಬೇಕು. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ತೇವದ ಗಾಳಿಯು ರಾತ್ರಿ ತಣಿದು ನೀರಹನಿಗಳಾಗುತ್ತದೆ. ನೀರು ಡೀಸೆಲಿಗಿಂತ ಭಾರವಾದುದರಿಂದ ತಳಕ್ಕೆ ಇಳಿಯುತ್ತದೆ. ಅವೆರಡೂ ಕೂಡುವಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಲೋಳೆ ಉಂಟಾಗುತ್ತದೆ. ಈ ಲೋಳೆಯೋ ಕಸದ ಚೂರೋ ಹೀರುಕೊಳವೆಯ ಬಾಯಿಗೆ ಅಂಟಿದಾಗ ಬಲ ಕುಂದುತ್ತದೆ. ಎಂಜಿನ್ ನಿಂತು ಸೆಳೆತ ಇಲ್ಲವಾದಾಗ ಅದು ಕಳಚಿ ಬೀಳುತ್ತದೆ. ದೋಷವು ‘ತಾನಾಗಿಯೇ’ ವಾಸಿಯಾಗುವುದರ ಗುಟ್ಟು ಇದೇ. ಇಳಿಜಾರಿನಲ್ಲಿ ಇರುವ ಅಲ್ಪ ಡೀಸೆಲು ಒಂದು ಪಕ್ಕಕ್ಕೆ ಸರಿದು ಕೊಳವೆಯು ಗಾಳಿಯನ್ನು ಹೀರುವುದೂ ಉಂಟು. ಆದುದರಿಂದ ನೀರು ಬೇರ್ಪಡಿಸುವ ಬಟ್ಟಲನ್ನು ಬರಿದುಮಾಡುವುದು, ಫಿಲ್ಟರನ್ನು ನೋಡುವುದು, ಸಂಜೆಯೇ ಟ್ಯಾಂಕನ್ನು ತುಂಬಿಸಿಡುವುದು ಕ್ರಮ.

ವಿಜಯವಾಡದ ಯಂತ್ರವು ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ, ಭಾರ ಎತ್ತುವಾಗ ಮಾತ್ರ, ಕಪ್ಪು ಹೊಗೆಯುಗುಳಿ ಕುಂದುತ್ತದೆ. ಕಪ್ಪು ಹೊಗೆಯೆಂದರೆ ಡೀಸೆಲಿಗೆ ತಕ್ಕ ಗಾಳಿ ಸಿಕ್ಕಿಲ್ಲವೆಂದರ್ಥ. ಬಿಸಿಲಿನಿಂದ ಗಾಳಿ ತೆಳುವಾಗುವುದು ನಿಜ. ಆದರೆ 25 ಡಿಗ್ರಿಯ ಗಾಳಿಗಿಂತ 45 ಡಿಗ್ರಿಯ ಗಾಳಿಯ ಸಾಂದ್ರತೆ ನೂರಕ್ಕೆ ಆರರಷ್ಟು ಮಾತ್ರ ಕಡಿಮೆ. ಇಷ್ಟರಿಂದಲೇ ಯಂತ್ರವು ಸೋಲದು. ಧೂಳು ತುಂಬಿದ ಗಾಳಿ ಫಿಲ್ಟರನ್ನೂ, ರೆಕ್ಕೆಗಳ ನಡುವೆ ಹುಡಿ ಕಟ್ಟಿದ ರೇಡಿಯೇಟರನ್ನೂ ಪರೀಕ್ಷಿಸಬೇಕು. ಉಷ್ಣಮಾಪಕದ ಮುಳ್ಳು ಏರಿದ್ದರೆ ಅದೂ ಒಂದು ಸಾಕ್ಷಿ.

ಆದರೂ ಊರಿನ ಹೆಸರನ್ನು ಕೇಳಿಯೇ ತೀರ್ಮಾನಿಸಲಾಗದು. 2024ರ ಸೆಪ್ಟೆಂಬರಿನಲ್ಲಿ ಬುಡಮೇರು ಹೊಳೆಯು ಉಕ್ಕಿ ವಿಜಯವಾಡದ ಹಲವು ಬಡಾವಣೆಗಳು ಮುಳುಗಿದುವು. ಅಂತಹ ನೆರೆಯಲ್ಲಿ ನಿಂತ ಯಂತ್ರದ ಟ್ಯಾಂಕಿಗೂ ನೀರು ಸೇರಬಹುದು. ಎಷ್ಟು ಹೊತ್ತಿಗೆ, ಎಂತಹ ನೆಲದಲ್ಲಿ, ಎಷ್ಟು ಭಾರದಲ್ಲಿ, ಯಾವ ಬಣ್ಣದ ಹೊಗೆಯೊಡನೆ ಎಂಬ ಪ್ರಶ್ನೆಗಳೇ ನಿಜವಾದ ದಾರಿದೀಪಗಳು. ಬಿಳಿಯ ಹೊಗೆ ಉರಿಯದ ಡೀಸೆಲನ್ನೋ ನೀರಿನ ಆವಿಯನ್ನೋ, ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುವುದನ್ನೋ ಸೂಚಿಸುತ್ತದೆ.

ಇತ್ತೀಚಿನ ಅನೇಕ ಯಂತ್ರಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣವಿದೆ. ಅಪಾಯದ ಸೂಚನೆ ಕಂಡೊಡನೆ ಎಂಜಿನ್ನನ್ನು ಉಳಿಸಲು ಅದು ತಾನೇ ಬಲವನ್ನು ತಗ್ಗಿಸಿ, ಪರದೆಯ ಮೇಲೆ ಸಂಕೇತಸಂಖ್ಯೆಯನ್ನು ತೋರಿಸುತ್ತದೆ. ಈ ಸಂಖ್ಯೆಯು ಸಾಕ್ಷಿಯೇ ಹೊರತು ತೀರ್ಪಲ್ಲ. ‘ಇಂಧನದ ಒತ್ತಡ ಕಡಿಮೆ’ ಎಂದರೆ ಪಂಪು ಕೆಟ್ಟಿದೆಯೆಂದೇ ಅಲ್ಲ; ಕಟ್ಟಿಕೊಂಡ ಫಿಲ್ಟರೂ ಅದೇ ಸಂಖ್ಯೆಯನ್ನು ತರಿಸಬಲ್ಲದು.

ಪರೀಕ್ಷೆಗೆ ತೊಡಗುವವರು ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನ್ನನ್ನು ನಿಲ್ಲಿಸತಕ್ಕದ್ದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಕೂಡದು. ಒತ್ತಡದ ಕೊಳವೆಯ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಲೇಕೂಡದು. ಕಣ್ಣಿಗೆ ಕಾಣದಷ್ಟು ಸಣ್ಣ ಡೀಸೆಲ್ ಧಾರೆಯೂ ಚರ್ಮವನ್ನು ಭೇದಿಸಿ ಒಳಹೊಕ್ಕು ಬೆರಳನ್ನೇ ಕಳೆಯಬಲ್ಲದು. ಹಾಗೆ ಗಾಯವಾದರೆ ನೋವು ಕಡಿಮೆಯೆಂದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಸಾರಾಂಶವಿಷ್ಟು: ದೋಷವು ಕಂಡಾಗಲೆಲ್ಲ ವೇಳೆ, ಕೆಲಸ, ಟ್ಯಾಂಕಿನ ಮಟ್ಟ, ಹೊಗೆ ಇವುಗಳನ್ನು ಪುಸ್ತಕದಲ್ಲಿ ಬರೆದಿಡಬೇಕು. ಖರ್ಚಿಲ್ಲದ ಪರೀಕ್ಷೆಯನ್ನು ಮೊದಲು, ಖರ್ಚಿನದನ್ನು ಕೊನೆಗೆ ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಫಲವನ್ನು ನೋಡಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಗುಣ ಯಾವುದರಿಂದ ಬಂದಿತೆಂದು ತಿಳಿಯದು. ನಮ್ಮ ವಿಜ್ಞಾನದ ತರಗತಿಯಲ್ಲಿ ಪ್ರಯೋಗವನ್ನು ನಡೆಸುವ ನಿಯಮವೂ ಇದೇ. ವಿದ್ಯಾರ್ಥಿಮಿತ್ರರು ಮುಂದೆ ಯಾವ ವೃತ್ತಿಯನ್ನು ಹಿಡಿದರೂ, ಸ್ಪ್ಯಾನರನ್ನು ಎತ್ತಿಕೊಳ್ಳುವ ಮೊದಲು “ಇದು ಯಾವಾಗ ಆಗುತ್ತದೆ, ಯಾವಾಗ ಆಗುವುದಿಲ್ಲ?” ಎಂದು ಕೇಳುವ ಅಭ್ಯಾಸವನ್ನು ಈಗಿನಿಂದಲೇ ಬೆಳೆಸಿಕೊಳ್ಳಬೇಕು.