ಗಿಟಾರಿಗೆ ಸಿಂಥಸೈಜರ್ ಪಿಕಪ್ಪನ್ನು ಜೋಡಿಸಿ ನುಡಿಸುವ ಕ್ರಮ

ನಮ್ಮ ಶಾಲೆಯ ಸಂಗೀತದ ಕೋಣೆಯಲ್ಲಿ ಒಂದು ಹಾರ್ಮೋನಿಯಮ್ಮೂ ಒಂದು ಜೊತೆ ತಬಲವೂ ಒಂದು ಎಲೆಕ್ಟ್ರಿಕ್ ಗಿಟಾರೂ ಇರುವವೆಂಬದು ಪೂರ್ವವಿದ್ಯಾರ್ಥಿನಿಯರಿಗೆ ಗೊತ್ತಿದ್ದ ಸಂಗತಿಯೇ. ಆ ಗಿಟಾರು ಅವರಲ್ಲಿಯೇ ಕೆಲವರು ಕೂಡಿ ಕೊಟ್ಟ ಕಾಣಿಕೆ. ಈಗ ಅದಕ್ಕೆ ಸಿಂಥಸೈಜರ್ ಪಿಕಪ್ ಎಂಬ ಉಪಕರಣವನ್ನು ಜೋಡಿಸಿರುತ್ತೇವೆ. ಈ ಸುದ್ದಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಪಾಲಕರಿಗೆ ಮುಟ್ಟಿದ ಮೇಲೆ ನಮ್ಮ ಮುಂದೆ ಎರಡು ಪ್ರಶ್ನೆಗಳು ಬಂದವು. ಕಾಣಿಕೆಯಾಗಿ ಬಂದ ವಾದ್ಯಕ್ಕೆ ತೂತು ಕೊರೆದಿರೋ ಎಂಬದು ಒಂದು. ಹಾರ್ಮೋನಿಯಮ್ ಇರಲಾಗಿ ಈ ವೆಚ್ಚ ಯಾತಕ್ಕೆ ಎಂಬದು ಇನ್ನೊಂದು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಮನೆಯಲ್ಲಿ ಗಿಟಾರಿಟ್ಟುಕೊಂಡ ಹಳೆಯ ವಿದ್ಯಾರ್ಥಿನಿಯರು ಜೋಡಿಸುವ ಕ್ರಮವನ್ನು ಸಹ ಕೇಳಿರುವದರಿಂದ ಎಲ್ಲವನ್ನೂ ಕೂಡಿಸಿ ಇಲ್ಲಿ ಪಾಠದ ರೂಪದಲ್ಲಿ ಬರೆಯುತ್ತೇವೆ.

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುವೆವು. ಹಾರ್ಮೋನಿಯಮ್ ಮಿಶನರಿಗಳೊಂದಿಗೆ ನಮ್ಮ ದೇಶಕ್ಕೆ ಬಂದು ದೇವಾಲಯ, ಶಾಲೆ, ನಾಟಕದ ಕಂಪನಿ, ಭಜನೆಯ ಮನೆ ಇವೆಲ್ಲವನ್ನೂ ಸೇರಿದ ವಾದ್ಯ. ಅದರ ಉಪಕಾರವನ್ನು ನಾವು ಮರೆಯತಕ್ಕದ್ದಲ್ಲ. ಆದರೂ ಅದಕ್ಕೆ ಒಂದು ಕೊರತೆಯುಂಟು. ಒಂದು ಮನೆಯನ್ನು ಒತ್ತಿದರೆ ಒಂದು ಸ್ವರ, ಪಕ್ಕದ ಮನೆಯನ್ನು ಒತ್ತಿದರೆ ಮತ್ತೊಂದು ಸ್ವರ; ನಡುವಿನ ದಾರಿ ಅದರಲ್ಲಿ ಇಲ್ಲವೇ ಇಲ್ಲ. ಷಡ್ಜದಿಂದ ರಿಷಭಕ್ಕೆ ಜಾರಿಕೊಂಡು ಹೋಗುವ ಮೀಂಡು ಅದಕ್ಕೆ ಸಾಧ್ಯವಾಗದು. ಮುಖ್ಯವಾಗಿ ಇದೇ ಕಾರಣದಿಂದ ಅಖಿಲ ಭಾರತ ರೇಡಿಯೋದವರು 1940ನೆಯ ಇಸವಿಯಿಂದ 1971ರ ವರೆಗೆ ಹಾರ್ಮೋನಿಯಮ್ಮನ್ನು ತಮ್ಮ ಕೇಂದ್ರಗಳಿಂದ ದೂರವಿಟ್ಟಿದ್ದರು. ಆ ನಿಷೇಧವು ಅತಿಯಾಯಿತೆಂದೇ ನಮ್ಮ ಮತ. ಆದರೆ ಅದರ ಹಿಂದಿನ ಕಾರಣವು ಸುಳ್ಳಲ್ಲ. ಮಲ್ಲಿಕಾರ್ಜುನ ಮನ್ಸೂರರಾಗಲಿ ಬಸವರಾಜ ರಾಜಗುರುಗಳಾಗಲಿ ಹಾಡಿದ ವಚನಗಳನ್ನು ಕೇಳಿದವರಿಗೆ, ಒಂದು ಮಾತಿನ ಭಾರವೆಲ್ಲ ಎರಡು ಸ್ವರಗಳ ನಡುವಿನ ಜಾರಿನಲ್ಲಿಯೇ ಕೂತಿರುತ್ತದೆಂಬದು ತಿಳಿದಿರುವದು. ನಮ್ಮ ಹುಡುಗಿಯರು ಬಸವಣ್ಣನವರ ಸೀಮೆಯವರು. ವಚನದ ಧಾಟಿಗಳನ್ನು ಮನೆಯಿಂದಲೇ ಕಲಿತು ಬರುತ್ತಾರೆ. ಅವರ ಕಂಠವು ಜಾರುವಲ್ಲಿ ಜೊತೆಯ ವಾದ್ಯವು ಜಿಗಿದರೆ ಹಾಡು ಕೆಡುತ್ತದೆ. ಪಿಟೀಲು ಕಲಿಸುವವರಾಗಲಿ ಬಾನಸುರಿ ಕಲಿಸುವವರಾಗಲಿ ನಮ್ಮ ಶಾಲೆಗೆ ದೊರೆತಿಲ್ಲ. ಗಿಟಾರಿನ ತಂತಿಯಾದರೋ ಎಳೆದರೆ ಜಾರುತ್ತದೆ. ಆ ಜಾರನ್ನು ಕೊಳಲಿನ ದನಿಯಲ್ಲಿ ಕೇಳಿಸಲು ಬರುವದಾದರೆ ವೆಚ್ಚವು ವ್ಯರ್ಥವಲ್ಲವೆಂದು ನಾವು ಆಲೋಚಿಸಿದೆವು.

"ಅಕ್ಕೋರ, ಗಿಟಾರಿನ್ಯಾಗ ಕೊಳಲು ಹ್ಯಾಂಗ ಕೂತತ್ರಿ?" ಎಂದು ಎಂಟನೆಯ ವರ್ಗದ ಹುಡುಗಿಯೊಬ್ಬಳು ಕೇಳಿದಳು. ಕೊಳಲು ಗಿಟಾರಿನಲ್ಲಿ ಇಲ್ಲ. ಅದು ಪಕ್ಕದಲ್ಲಿಟ್ಟ ಯಂತ್ರದಲ್ಲಿದೆ. ಗಿಟಾರಿಗೆ ಅಂಟಿಸಿದ್ದು ಬರೀ ಕಿವಿ. ಸೂಜಿಗಲ್ಲಿನ ಸುತ್ತ ತಂತಿಯ ಸುರುಳಿಯನ್ನು ಸುತ್ತಿ, ಅದರ ಮೇಲೆ ಉಕ್ಕಿನ ತಂತಿಯೊಂದು ನಡುಗುವಂತೆ ಮಾಡಿದರೆ ಸುರುಳಿಯಲ್ಲಿ ಅದೇ ನಡುಕದ ವಿದ್ಯುತ್ತು ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ತೋರಿಸಿಕೊಟ್ಟ ತತ್ವವೇ ಇದು. ನಮ್ಮ ಹತ್ತನೆಯ ವರ್ಗದವರು ವಿಜ್ಞಾನದಲ್ಲಿ ಓದುವ ಪಾಠವೇ. ಸಾಧಾರಣ ಎಲೆಕ್ಟ್ರಿಕ್ ಗಿಟಾರಿನಲ್ಲಿ ಆರು ತಂತಿಗಳಿಗೂ ಕೂಡಿ ಒಂದೇ ಸುರುಳಿಯ ಕಿವಿಯಿರುವದರಿಂದ ಎಲ್ಲರ ಮಾತೂ ಕಲೆತು ಕೇಳಿಸುತ್ತದೆ. ಸಿಂಥಸೈಜರ್ ಪಿಕಪ್ಪಿನಲ್ಲಿ ಒಂದೊಂದು ತಂತಿಗೆ ಒಂದೊಂದು ಬೇರೆ ಕಿವಿ. ಆರು ಜನ ಹುಡುಗಿಯರು ಒಮ್ಮೆಲೇ ಉತ್ತರ ಹೇಳಿದರೆ ಯಾರು ಏನೆಂದರೆಂದು ತಿಳಿಯದು. ಒಬ್ಬೊಬ್ಬರ ಬಾಯಿಯ ಹತ್ತಿರವೂ ಕಿವಿಯಿಟ್ಟರೆ ತಿಳಿಯುತ್ತದೆ. ಜಪಾನಿನ ರೋಲಾಂಡ್ ಕಂಪನಿಯವರು 1977ರಲ್ಲಿ ಜಿಆರ್-500 ಎಂಬ ಗಿಟಾರ್ ಸಿಂಥಸೈಜರನ್ನು ತಂದರು. ಅಮೇರಿಕೆಯ ಪ್ಯಾಟ್ ಮೆಥೀನಿಯವರು 1982ರ ತಮ್ಮ ಧ್ವನಿಮುದ್ರಿಕೆಯಲ್ಲಿ ಅದರ ಮುಂದಿನ ಜಿಆರ್-300ನ್ನು ನುಡಿಸಿದ ಮೇಲೆ ಬಹಳ ಜನರ ಕಿವಿಗೆ ಈ ದನಿ ಬಿತ್ತು. ಇಂಥ ಕೆಲಸವು ಪರದೇಶದವರದೇ ಎಂದು ತಿಳಿಯಬೇಕಾಗಿಲ್ಲ. ನಮ್ಮ ಬೆಂಗಳೂರಿನ ಜಿ. ರಾಜನಾರಾಯಣ ಅವರು 1979ರಲ್ಲಿಯೇ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದ್ದರು.

ಇನ್ನು ಜೋಡಿಸುವ ಕ್ರಮ. ಎಲ್ಲಕ್ಕೂ ಮೊದಲು ತಂತಿಗಳನ್ನು ನೋಡತಕ್ಕದ್ದು. ನೈಲಾನ್ ತಂತಿಯ ಗಿಟಾರಿಗೆ ಈ ಪಿಕಪ್ಪು ಪ್ರಯೋಜನವಿಲ್ಲ, ಯಾಕಂದರೆ ಸೂಜಿಗಲ್ಲಿಗೆ ನೈಲಾನಿನ ಪರಿಚಯವಿಲ್ಲ. ಕಂಚಿನ ಸುತ್ತುಳ್ಳ ತಂತಿಗಳೂ ಸರಿಯಾಗಿ ಕೇಳಿಸವು. ಎಲೆಕ್ಟ್ರಿಕ್ ಗಿಟಾರಿಗೆಂದೇ ಮಾಡಿದ ಉಕ್ಕು, ನಿಕ್ಕಲ್ಲಿನ ತಂತಿಗಳು ಬೇಕು. ಹಳೆಯದಾಗಿ ತುಕ್ಕು ಹಿಡಿದ ತಂತಿಗಳ ಮೇಲೆ ಹೊಸ ಪಿಕಪ್ಪನ್ನು ಪರೀಕ್ಷಿಸುವದು ಕೆಟ್ಟ ಸೀಸದ ಕಡ್ಡಿಯಿಂದ ಅಕ್ಷರ ತಿದ್ದಿಸಿದಂತೆ.

ಪಿಕಪ್ಪೆಂದರೆ ಬೆರಳಿನಷ್ಟು ಸಣ್ಣ ಪಟ್ಟಿ. ಅದನ್ನು ತಂತಿಗಳು ಕೂತಿರುವ ಕುದುರೆಗೂ ಅದರ ಹತ್ತಿರದ ಸಾಧಾರಣ ಪಿಕಪ್ಪಿಗೂ ನಡುವೆ, ಕುದುರೆಗೆ ಆದಷ್ಟು ಸಮೀಪವಾಗಿ, ತಂತಿಗಳ ಕೆಳಗೆ ಇಡಬೇಕು. ಸಮೀಪವೇ ಯಾತಕ್ಕೆಂದರೆ, ನಡುವಿನಲ್ಲಿ ತಂತಿಯು ಅಗಲವಾಗಿ ತೂಗುತ್ತದೆ. ಹಾಗೆ ತೂಗುವಾಗ ನೆರೆಯವಳ ಕಿವಿಯಲ್ಲಿಯೂ ಮಾತಾಡಿಬಿಡುತ್ತದೆ. ಕುದುರೆಯ ಹತ್ತಿರ ಅದರ ಆಟವು ಸಣ್ಣದು. ಆರು ಕಿವಿಗಳು ಆರು ತಂತಿಗಳ ನೇರಕ್ಕೆ ಬರಬೇಕು, ಮತ್ತು ಪಟ್ಟಿಯ ಮೇಲೆ ಒಂದನೆಯ ತಂತಿಯದೆಂದು ಗುರುತಿಸಿದ ತುದಿಯು ಸಣ್ಣ ತಂತಿಯ ಕಡೆಗೇ ಇರಬೇಕು. ಇದು ತಿರುಗುಮುರುಗಾದರೆ ದಪ್ಪ ತಂತಿಯನ್ನು ಮೀಟಿದಾಗ ಯಂತ್ರವು ಸಣ್ಣ ತಂತಿಯೆಂದೇ ತಿಳಿಯುವದು.

ಎತ್ತರವನ್ನು ಹೊಂದಿಸುವದು ಈ ಕೆಲಸದ ಜೀವ. ತಂತಿಯನ್ನು ಕೊನೆಯ ಮೆಟ್ಟಿಲಿನಲ್ಲಿ ಒತ್ತಿ ಹಿಡಿದಾಗ ಪಿಕಪ್ಪಿನ ಮೇಲ್ಮೈಗೂ ತಂತಿಗೂ 1 ಮಿಲಿಮೀಟರ್ ಸಂದಿರಬೇಕು. ಇದಕ್ಕಿಂತ ಹೆಚ್ಚಾದರೆ ದನಿ ಕುಗ್ಗುತ್ತದೆ, ಕಡಿಮೆಯಾದರೆ ತಂತಿ ತಾಗಿ ಬಡಿಯುತ್ತದೆ. ಆರು ತಂತಿಗಳನ್ನೂ ಹೀಗೆಯೇ ಒಂದೊಂದಾಗಿ ನೋಡಬೇಕು. ಎರಡನ್ನು ನೋಡಿ ಉಳಿದ ನಾಲ್ಕನ್ನು ಊಹಿಸತಕ್ಕದ್ದಲ್ಲ. ನಮ್ಮ ಕಡೆಯ ಬೇಸಿಗೆಯಲ್ಲಿ ಕಟ್ಟಿಗೆಯು ಒಣಗಿ, ಮಳೆಗಾಲದಲ್ಲಿ ಆರ್ದ್ರವಾಗಿ, ಗಿಟಾರಿನ ಕುತ್ತಿಗೆಯು ತುಸುವಾದರೂ ಬಾಗುತ್ತದೆ. ಅದರೊಡನೆ ತಂತಿಯ ಎತ್ತರವೂ ಬದಲಾಗುತ್ತದೆ. ಆದಕಾರಣ ಏಪ್ರಿಲದಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಈ ಸಂದನ್ನು ಪುನಃ ಅಳೆಯುವದು ಒಳ್ಳೇದು. ಎರೆಯ ಧೂಳಂತೂ ಎಲ್ಲಿಯೂ ಬಿಡದು. ಮೆತ್ತನೆಯ ಕುಂಚದಿಂದ ಪಟ್ಟಿಯ ಮೇಲಿನ ಧೂಳನ್ನು ಸರಿಸಬೇಕು.

ಈಗ ತೂತಿನ ಪ್ರಶ್ನೆ. ಪಿಕಪ್ಪನ್ನು ಸ್ಕ್ರೂ ಮತ್ತು ಸ್ಪ್ರಿಂಗುಗಳಿಂದ ಕೂಡ್ರಿಸುವ ಪದ್ಧತಿಯುಂಟು. ಅದು ಬಿಗಿಯಾದದ್ದು ನಿಜ, ಎತ್ತರ ಹೊಂದಿಸಲಿಕ್ಕೂ ಸುಲಭ. ಆದರೆ ಕೊರೆದ ತೂತು ಮರಳಿ ಮುಚ್ಚುವದಿಲ್ಲ. ಎರಡೂ ಬದಿಗೆ ಅಂಟುವ ಟೇಪಿನಿಂದ, ಬೇಕಾದಷ್ಟು ಪದರು ಹಾಕಿ, ಅಂಟಿಸುವದು ಎರಡನೆಯ ಪದ್ಧತಿ. ಕೆಲವು ಬಗೆಯ ಕುದುರೆಗಳಿಗೆ ಸಿಕ್ಕಿಸುವ ಲೋಹದ ಪಟ್ಟಿಗಳೂ ಉಂಟು. ನಮ್ಮ ಗಿಟಾರಿಗೆ ಟೇಪನ್ನೇ ಬಳಸಿರುತ್ತೇವೆ. ಅಂಟು ಕೆಲವು ಮೆರುಗುಗಳ ಮೇಲೆ ಕಲೆ ಮಾಡುವದುಂಟಾದ್ದರಿಂದ ಮೊದಲು ಕಣ್ಣಿಗೆ ಬೀಳದ ಹಿಂಬದಿಯಲ್ಲಿ ಚೂರು ಟೇಪು ಹಚ್ಚಿ, ಒಂದು ವಾರ ಬಿಟ್ಟು, ಕಿತ್ತು ನೋಡಿ, ನಿಶ್ಚಯವಾದ ಮೇಲೆಯೇ ಮುಂದುವರಿದೆವು. ಗುಂಡಿಗಳಿರುವ ಸಣ್ಣ ಪೆಟ್ಟಿಗೆಯು ಗಿಟಾರಿನ ಬಾಲದ ಕಡೆ, ಪಟ್ಟಿಯನ್ನು ಸಿಕ್ಕಿಸುವ ಗುಬ್ಬಿಯ ಬಳಿ ಕೂಡ್ರುತ್ತದೆ.

ಆ ಪೆಟ್ಟಿಗೆಯಿಂದ ಯಂತ್ರಕ್ಕೆ ಹೋಗುವ ಕೇಬಲ್ಲಿಗೆ 13 ಪಿನ್ನುಗಳು. ಆರು ತಂತಿಗಳಿಗೆ ಆರು, ಗಿಟಾರಿನ ಸ್ವಂತ ದನಿಗೆ ಒಂದು, ದನಿ ಏರಿಸಿ ಇಳಿಸುವದಕ್ಕೆ ಒಂದು, ಎರಡು ಗುಂಡಿಗಳಿಗೆ ಎರಡು, ಪಿಕಪ್ಪಿಗೆ ಬೇಕಾದ ವಿದ್ಯುತ್ತಿಗೆ ಎರಡು, ಉಳಿದದ್ದು ಬರಿದು. ಪಿನ್ನುಗಳು ಸೂಕ್ಷ್ಮವಾಗಿರುವದರಿಂದ ಕೇಬಲ್ಲನ್ನು ತಿರುಚಿ ತುರುಕಬಾರದು, ಬಾಗಿಲಲ್ಲಿ ಓಡಾಡುವವರು ತುಳಿಯುವಲ್ಲಿ ಹಾಸಬಾರದು. 2023ರಲ್ಲಿ ಬಾಸ್ ಕಂಪನಿಯವರು ಇದಕ್ಕೆ ಬದಲಾಗಿ ಸಂಕೇತವನ್ನು ಅಂಕೆಗಳಾಗಿ ಮಾಡಿ ಸಣ್ಣ ಕೇಬಲ್ಲಿನಲ್ಲಿ ಕಳಿಸುವ ಹೊಸ ಪದ್ಧತಿಯನ್ನು ಹೊರತಂದಿದ್ದಾರೆ. ಹೊಸದು ಹಳೆಯದಕ್ಕೆ ನೇರವಾಗಿ ಕೂಡಿಕೊಳ್ಳದು. ಕೊಳ್ಳುವವರು ಯಂತ್ರವೂ ಪಿಕಪ್ಪೂ ಒಂದೇ ಪದ್ಧತಿಯವೋ ಎಂದು ವಿಚಾರಿಸಿ ಕೊಳ್ಳಬೇಕು.

ಜೋಡಿಸಿದ ಮೇಲೆ ಯಂತ್ರದಲ್ಲಿ ಒಂದೊಂದು ತಂತಿಯ ಗ್ರಹಣಶಕ್ತಿಯನ್ನು ಹೊಂದಿಸಬೇಕು. ತಂತಿಯನ್ನು ನೀವು ಎಂದಾದರೂ ಮೀಟಬಹುದಾದಷ್ಟು ಜೋರಾಗಿ ಮೀಟಿರಿ. ಆಗ ಮಾಪಕವು ತುದಿಯನ್ನು ಮುಟ್ಟದೆ ತುಸು ಕೆಳಗೇ ನಿಲ್ಲಬೇಕು. ಕುದುರೆಯಿಂದ ಪಿಕಪ್ಪಿನ ನಡುವಿಗೆ ಎಷ್ಟು ಅಂತರವೆಂದು ಕೆಲವು ಯಂತ್ರಗಳು ಕೇಳುತ್ತವೆ. ಅಳತೆಪಟ್ಟಿ ಹಿಡಿದು ನೋಡಿಯೇ ಹೇಳಬೇಕು.

ಇಷ್ಟಾದ ಮೇಲೆ ನುಡಿಸಿದ ಹುಡುಗಿಯರ ಮೊದಲಿನ ದೂರು ಏನೆಂದರೆ, ದಪ್ಪ ತಂತಿಯನ್ನು ಮೀಟಿದರೆ ಕೊಳಲು ತಡವಾಗಿ ಬರುತ್ತದೆ ಎಂಬದು. ಇದು ಯಂತ್ರದ ಸೋಮಾರಿತನವಲ್ಲ. ಸ್ವರ ಯಾವುದೆಂದು ತಿಳಿಯಲಿಕ್ಕೆ ಯಂತ್ರವು ತಂತಿಯ ಒಂದು ಕಂಪನವನ್ನಾದರೂ ಪೂರ್ಣ ಕೇಳಬೇಕು. ನಿಶ್ಚಯಕ್ಕಾಗಿ ಎರಡನ್ನು ಕೇಳುವದುಂಟು. ದಪ್ಪ ತಂತಿಯು ಸೆಕೆಂದಿಗೆ ಸುಮಾರು 82 ಸಲ ಕಂಪಿಸುವದರಿಂದ ಒಂದು ಕಂಪನಕ್ಕೆ 12 ಮಿಲಿಸೆಕೆಂದು, ಎರಡಕ್ಕೆ 24. ಅತಿ ಸಣ್ಣ ತಂತಿಯು 330 ಸಲ ಕಂಪಿಸುವದರಿಂದ ಅದರ ಎರಡು ಕಂಪನಗಳಿಗೆ 6 ಮಿಲಿಸೆಕೆಂದು ಸಾಕು. ಗಾಳಿಯಲ್ಲಿ ಶಬ್ದವು ಸೆಕೆಂದಿಗೆ ಸುಮಾರು 343 ಮೀಟರ್ ಹೋಗುವದು. ಆ ಲೆಕ್ಕದಿಂದ 24 ಮಿಲಿಸೆಕೆಂದಿನ ತಡವೆಂದರೆ ವಾದಕಳಿಂದ 8 ಮೀಟರು, ಅಂದರೆ ಸುಮಾರು 27 ಅಡಿ ದೂರ ನಿಂತು ಕೇಳಿದ ಹಾಗೆ. ಹಿಂದಿನ ಬೆಂಚಿನವಳಿಗೆ ಅಕ್ಕೋರ ಮಾತು ತಲುಪುವಷ್ಟೇ ತಡ! ಆದರೂ ತಬಲದ ಜೊತೆಗೆ ಅದು ಕಿವಿಗೆ ಚುಚ್ಚುತ್ತದೆ. ಆದ್ದರಿಂದ ಕೊಳಲಿನ ಧಾಟಿಯನ್ನು ಸಣ್ಣ ಮೂರು ತಂತಿಗಳ ಮೇಲೆಯೇ ನುಡಿಸುವ ನಿಯಮವನ್ನಿಟ್ಟುಕೊಂಡೆವು. ನಮ್ಮ ಹುಡುಗಿಯರು ಬಹುಮಟ್ಟಿಗೆ ಕಾಳಿ ನಾಲ್ಕಕ್ಕೆ ಹಾಡುವವರು. ಮೊದಲನೆಯ ಮೆಟ್ಟಿಲಿಗೆ ಕಾಪೋ ಹಾಕಿದರೆ ಮೂರನೆಯ ತಂತಿಯು ಬರಿದಾಗಿಯೇ ಆ ಷಡ್ಜವನ್ನು ಕೊಡುತ್ತದೆ.

ಇನ್ನು ಮೀಂಡು, ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆವೋ ಅದು. ನಮ್ಮ ಪಿಕಪ್ಪಿನ ಯಂತ್ರದಿಂದ ಕೊಳಲಿನ ದನಿಯುಳ್ಳ ಬೇರೆ ಯಂತ್ರಕ್ಕೆ ಸುದ್ದಿ ಹೋಗುವದು 1983ರಲ್ಲಿ ರೂಢಿಗೆ ಬಂದ ಮಿಡಿ ಎಂಬ ಸಂಕೇತಭಾಷೆಯಲ್ಲಿ. ಆ ಭಾಷೆಯು ಹಾರ್ಮೋನಿಯಮ್ಮಿನಂತೆ ಮನೆಗಳನ್ನೆಣಿಸುವ ಭಾಷೆ. ಸ್ವರವು ಜಾರಿದರೆ "ಇದೇ ಸ್ವರ, ಇಷ್ಟು ಭಾಗ ಬಾಗಿದೆ" ಎಂದು ಬೇರೆ ಸಂಕೇತವನ್ನು ಕಳಿಸುತ್ತದೆ. ಆದರೆ ಯಾವುದರ ಭಾಗ? ಇದನ್ನು ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡಿರಬೇಕು. ಗಿಟಾರಿನ ಕಡೆಯಲ್ಲಿ ಪೂರ್ಣ ಬಾಗು ಎಂದರೆ 24 ಅರ್ಧಸ್ವರಗಳೆಂದೂ, ಕೊಳಲಿನ ಕಡೆಯಲ್ಲಿ ಸಾಧಾರಣವಾಗಿರುವಂತೆ 2 ಅರ್ಧಸ್ವರಗಳೆಂದೂ ಇದ್ದರೆ, ನೀವು ಷಡ್ಜದಿಂದ ಶುದ್ಧ ರಿಷಭಕ್ಕೆ ಎಳೆದ ಎರಡು ಅರ್ಧಸ್ವರಗಳು ಆ ಕಡೆ ಒಂದು ಅರ್ಧಸ್ವರದ ಆರನೆಯ ಒಂದು ಪಾಲಾಗಿ ಕೇಳಿಸುವವು. ಕೈ ರಿಷಭಕ್ಕೆ ಹೋಗಿದೆ, ಕೊಳಲು ಷಡ್ಜದ ಹೊಸ್ತಿಲಲ್ಲೇ ತಡವರಿಸುತ್ತಿದೆ! ಈ ಯಂತ್ರಕ್ಕೆ ಅಪಶ್ರುತಿಯ ಹೆಸರು ಬರಲಿಕ್ಕೆ ಇದಕ್ಕಿಂತ ಹೆಚ್ಚಿನ ಕಾರಣವಿಲ್ಲವೆಂದು ನಮಗೆ ತೋರುತ್ತದೆ. ಎರಡೂ ಕಡೆ 24 ಎಂದೇ ಇಟ್ಟರೆ ಜಾರು ಕೈಯಿದ್ದಂತೆಯೇ ಬರುವದು. ಜೊತೆಗೆ, ಬಾಗು ಒಂದು ಓಣಿಯಲ್ಲಿರುವ ಎಲ್ಲ ಸ್ವರಗಳನ್ನೂ ಎಳೆಯುವದರಿಂದ ಒಂದೊಂದು ತಂತಿಗೆ ಒಂದೊಂದು ಓಣಿಯನ್ನು, ಅಂದರೆ ಚಾನೆಲ್ಲನ್ನು, ಗೊತ್ತುಮಾಡಬೇಕು. ಇಲ್ಲವಾದರೆ ಒಬ್ಬಳನ್ನು ಎಳೆದರೆ ಆರು ಜನರೂ ಬೀಳುವರು.

ಕೈಯ ಶಿಸ್ತು ಇಲ್ಲಿ ಬಹಳ ಬೇಕು. ಬೆರಳು ಪಕ್ಕದ ತಂತಿಗೆ ತುಸು ತಾಗಿದರೂ ಗಿಟಾರಿನಲ್ಲಿ ಅದು ಅಡಗಿಹೋಗುತ್ತದೆ, ಯಂತ್ರವಾದರೋ ಅದನ್ನೂ ಸ್ವರವೆಂದೇ ತಿಳಿದು ಕೊಳಲನ್ನು ಕಿರುಚಿಸುತ್ತದೆ. ಸ್ವರ ಮುಗಿದ ಕೂಡಲೆ ತಂತಿಯನ್ನು ಅಂಗೈಯಿಂದ ಮೆತ್ತಗೆ ಮುಚ್ಚಬೇಕು. ಮೆಟ್ಟಿಲಿನಿಂದ ಮೆಟ್ಟಿಲಿಗೆ ಬೆರಳನ್ನು ಸರಿಸಿದರೆ ಜಾರಿನಲ್ಲಿ ಮೆಟ್ಟಿಲುಗಳೇ ಕೇಳಿಸುವವು. ಒಂದೇ ಮೆಟ್ಟಿಲಿನಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆದರೆ ನುಣುಪಾದ ಮೀಂಡು. ಪಿಟೀಲಿನ ದನಿಗಿಂತ ಕೊಳಲಿನದನ್ನು ನಾವು ಆರಿಸಿಕೊಂಡದ್ದಕ್ಕೂ ಕಾರಣವುಂಟು. ಪಿಟೀಲಿನ ಸ್ವರವು ಕಮಾನು ಇರುವವರೆಗೆ ನಿಲ್ಲತಕ್ಕದ್ದು, ಗಿಟಾರಿನ ತಂತಿಯು ಮೀಟಿದ ಕ್ಷಣದಿಂದಲೇ ಸಾಯುತ್ತ ಹೋಗುತ್ತದೆ. ಅದು ನಿಂತೊಡನೆ ಪಿಟೀಲು ಕತ್ತರಿಸಿದಂತೆ ತುಂಡಾಗುವದು. ಕೊಳಲಿನಲ್ಲಿ ಉಸಿರು ತೆಗೆದುಕೊಂಡಳೆಂದು ಕೇಳುವವರು ತಿಳಿಯುವರು.

ಕರೆಂಟು ಹೋದಾಗ ನಮ್ಮ ಯಂತ್ರವು ಮೌನ. ಅಂಥ ವೇಳೆಗಾಗಿ ಹಾರ್ಮೋನಿಯಮ್ಮನ್ನು ಮೊದಲಿನ ಜಾಗದಲ್ಲಿಯೇ ಇಟ್ಟಿರುತ್ತೇವೆ. ಸಮೂಹ ಗಾಯನಕ್ಕೆ, ಶ್ರುತಿ ಹಿಡಿಸಲಿಕ್ಕೆ ಅದೇ ಮೇಲು. ಗಿಟಾರು ಅದರ ಪಕ್ಕದ ಕಪಾಟಿನಲ್ಲಿದೆ. ಕೊಟ್ಟವರು ಯಾವ ಶನಿವಾರವಾದರೂ ಬಂದು ನೋಡಬಹುದು. ಅಪೇಕ್ಷೆಯಿದ್ದರೆ ಟೇಪನ್ನು ಬಿಡಿಸಿ ಕೆಳಗಿನ ಬಣ್ಣವನ್ನೂ ತೋರಿಸುವೆವು.