ಜೇವರ್ಗಿ ಕಾಲೋನಿಯಿಂದ ಲಾವಾ ದ್ವೀಪಕ್ಕೆ

ಅಟ್ಲಾಂಟಿಕ್ ಸಾಗರದ ನಡುವೆ ಜ್ವಾಲಾಮುಖಿಗಳು ಎಬ್ಬಿಸಿದ ಅಜೋರ್ಸ್, ಕ್ಯಾನರಿ ದ್ವೀಪಗಳ ವಿಡಿಯೊ ನೋಡಿ, ಈ ರಜೆಗೆ ಅಲ್ಲಿಗೇ ಹೋಗೋಣ ಎಂದು ಮಕ್ಕಳು ಗಂಟುಬಿದ್ದರೆ ಕಲಬುರಗಿಯ ಜೇವರ್ಗಿ ಕಾಲೋನಿಯ ಹಿರಿಯರು ಗಾಬರಿಯಾಗಬೇಕಿಲ್ಲ. ಲಾವಾದಿಂದ ಹುಟ್ಟಿದ ದ್ವೀಪಗಳ ಗುಂಪೊಂದು ಕರ್ನಾಟಕದ ಕಡಲಲ್ಲೇ ಇದೆ: ಉಡುಪಿ ಜಿಲ್ಲೆಯ ಮಲ್ಪೆಯಿಂದ ಆರೇಳು ಕಿಲೋಮೀಟರ್ ದೂರದ ಸೇಂಟ್ ಮೇರೀಸ್. ಇಲ್ಲಿಗೆ ಪಾಸ್‌ಪೋರ್ಟ್ ಬೇಡ, ವೀಸಾ ಬೇಡ. ಕ್ಯಾಲೆಂಡರ್ ಮುಂದಿಟ್ಟುಕೊಂಡು ಎರಡು ತಿಂಗಳು ಮೊದಲೇ ಕೂರುವ ವ್ಯವಧಾನ ಇದ್ದರೆ ಸಾಕು.

ಲಾವಾ ಕಲಬುರಗಿಯವರಿಗೆ ಹೊಸದೂ ಅಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ ಪ್ರಸ್ಥಭೂಮಿಯ ಮೇಲೆ ಪದರ ಪದರವಾಗಿ ಹರಿದ ಲಾವಾ ಸವೆದೇ ಇಲ್ಲಿನ ಎರೆಮಣ್ಣಾಯಿತು. ಜಿಐ ಮಾನ್ಯತೆ ಪಡೆದ ತೊಗರಿ ಬೆಳೆಯುವುದು ಆ ಮಣ್ಣಿನಲ್ಲಿ. ಮಲ್ಪೆಯ ದ್ವೀಪಗಳ ಕಲ್ಲು ಈ ದಖನ್ ಲಾವಾಕ್ಕಿಂತಲೂ ಹಳೆಯದು, ಸುಮಾರು 8.8 ಕೋಟಿ ವರ್ಷದ್ದು. ಭಾರತಕ್ಕೆ ಅಂಟಿಕೊಂಡಿದ್ದ ಮಡಗಾಸ್ಕರ್ ಸೀಳಿಕೊಂಡು ದೂರ ಸರಿಯುತ್ತಿದ್ದ ಹೊತ್ತಿನಲ್ಲಿ ಉಕ್ಕಿದ ಲಾವಾ ಅದು.

ತಿಂಗಳು ಮೊದಲು, ಟಿಕೆಟ್ ಆಮೇಲೆ

ಮೊದಲು ಗಟ್ಟಿಮಾಡಿಕೊಳ್ಳಬೇಕಾದದ್ದು ತಿಂಗಳನ್ನು. ಮುಂಗಾರಿನಲ್ಲಿ ಅರಬ್ಬಿ ಸಮುದ್ರ ಯಾರ ಮಾತನ್ನೂ ಕೇಳುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದ್ವೀಪಕ್ಕೆ ದೋಣಿ ಬಂದ್. ಮಳೆ ಹಿಂದೆಗೆದು ಅಲೆ ತಗ್ಗಿದ ಮೇಲೆ ಜಿಲ್ಲಾಡಳಿತದ ಒಪ್ಪಿಗೆಯೊಂದಿಗೆ ಮತ್ತೆ ಶುರು. ದಸರಾ ರಜೆಗೆ ಹೊರಡುವವರಿಗೆ ಇಲ್ಲೊಂದು ತೊಡಕಿದೆ: ಕೆಲವು ವರ್ಷ ಅಷ್ಟರಲ್ಲಿ ದೋಣಿ ಶುರುವಾಗಿರುತ್ತದೆ, ಕೆಲವು ವರ್ಷ ಚಂಡಮಾರುತದ ಎಚ್ಚರಿಕೆ ಬಂದು ಮತ್ತೆ ನಿಂತಿರುತ್ತದೆ. ಹಾಗಾಗಿ ಹೊರಡುವ ಮುನ್ನಾದಿನ ಮಲ್ಪೆಯ ಲಾಡ್ಜಿನವರಿಗೆ ಫೋನ್ ಮಾಡಿ ‘ಬೋಟ್ ಹೋಗ್ತಾ ಉಂಟಾ?’ ಎಂದು ಕೇಳಿಕೊಳ್ಳುವುದು ಕ್ಷೇಮ. ಡಿಸೆಂಬರ್‌ನಿಂದ ಫೆಬ್ರುವರಿ ಎಲ್ಲಕ್ಕಿಂತ ಒಳ್ಳೆಯ ಕಾಲ. ಏಪ್ರಿಲ್–ಮೇನಲ್ಲಿ ಕಲಬುರಗಿಯ ಬಿಸಿಲು ಕಂಡವರಿಗೆ ಕರಾವಳಿಯ ಬಿಸಿಲು ಸಣ್ಣದೆನಿಸಬಹುದು, ಆದರೆ ಅಲ್ಲಿ ಬೆವರು ಆರುವುದೇ ಇಲ್ಲ.

ಉಡುಪಿಯ ಹಬ್ಬಗಳನ್ನೂ ನೋಡಿಕೊಳ್ಳಬೇಕು. ಶ್ರೀಕೃಷ್ಣ ಮಠದ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ವರ್ಷದ ಜನವರಿ 18ರಂದು ನಡೆಯುತ್ತದೆ. ಆ ವಾರ ಊರಲ್ಲಿ ಕೋಣೆ ಸಿಗುವುದು ಕಷ್ಟ. ಪರ್ಯಾಯವನ್ನೇ ನೋಡಬೇಕೆನ್ನುವವರ ಮಾತು ಬೇರೆ.

ಹೋಗುವ ದಾರಿ

ಕಲಬುರಗಿಯಿಂದ ಉಡುಪಿಗೆ ಸುಮಾರು ಆರುನೂರು ಕಿಲೋಮೀಟರ್. ಅಗ್ಗದ ದಾರಿ ಮಂಗಳೂರು ಕಡೆಯ ರಾತ್ರಿ ಬಸ್ಸು. ರಾತ್ರಿಯಿಡೀ ಸಾಲದೆ ಮರುದಿನದ ಒಂದಷ್ಟು ಹೊತ್ತನ್ನೂ ಅದು ನುಂಗುತ್ತದೆ, ಹಿರಿಯರಿದ್ದರೆ ಯೋಚಿಸಬೇಕು. ರೈಲಿನಲ್ಲಾದರೆ ಬೆಂಗಳೂರು ಸುತ್ತಿ ಹೋಗಬೇಕು. 2024ರ ಮಾರ್ಚ್‌ನಲ್ಲಿ ಶುರುವಾದ ವಂದೇ ಭಾರತ್ ನಸುಕಿನಲ್ಲಿ ಕಲಬುರಗಿ ಬಿಟ್ಟು ಮಧ್ಯಾಹ್ನ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್ ಮುಟ್ಟುತ್ತದೆ. ಅಲ್ಲಿಂದ ಮೆಜೆಸ್ಟಿಕ್ ಪಕ್ಕದ ಕೆಎಸ್‌ಆರ್ ನಿಲ್ದಾಣಕ್ಕೆ ಬಂದರೆ ಸಂಜೆಯ ಪಂಚಗಂಗಾ ಎಕ್ಸ್‌ಪ್ರೆಸ್ ನಸುಕಿನಲ್ಲಿ ಉಡುಪಿಯಲ್ಲಿ ಇಳಿಸುತ್ತದೆ. ಎರಡು ನಿಲ್ದಾಣಗಳು ಊರಿನ ಎರಡು ಮೂಲೆಗಳಲ್ಲಿರುವುದರಿಂದ ನಡುವಿನ ಹೊತ್ತನ್ನು ಕೈಬಿಚ್ಚಿ ಇಟ್ಟುಕೊಳ್ಳಬೇಕು. 2024ರ ನವೆಂಬರ್ 1ರಿಂದ ರೈಲ್ವೆಯ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಪಂಚಗಂಗಾದ ಬರ್ತ್ ಬೇಕಾದವರು ಅರವತ್ತನೆಯ ದಿನ ಬೆಳಿಗ್ಗೆಯೇ ಮೊಬೈಲ್ ಹಿಡಿದು ಕೂರುವುದು ಲೇಸು. ಕಮಲಾಪುರದ ಕಡೆಯವರು ಕಲಬುರಗಿ ಸ್ಟೇಷನ್ನಿಗೇ ಒಂದು ತಾಸಿನ ದಾರಿಯೆಂದು ಲೆಕ್ಕ ಹಿಡಿದು, ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಉಳಿದರೆ ಸಮಾಧಾನ.

ಸ್ವಂತ ಕಾರಿದ್ದರೆ ದಾರಿಯೇ ಅರ್ಧ ಪ್ರವಾಸ. ಜೇವರ್ಗಿ ರಸ್ತೆ ಹಿಡಿದು ಭೀಮೆಯನ್ನು, ಮುಂದೆ ತಿಂಥಣಿ ಸೇತುವೆಯಲ್ಲಿ ಕೃಷ್ಣೆಯನ್ನು ದಾಟಿ, ಲಿಂಗಸುಗೂರು, ಸಿಂಧನೂರು, ಬಳ್ಳಾರಿ, ಚಳ್ಳಕೆರೆ ಮೂಲಕ ಚಿತ್ರದುರ್ಗದಲ್ಲಿ ರಾತ್ರಿ ತಂಗಬಹುದು. ಇದಕ್ಕೊಂದು ಕಾರಣವಿದೆ. ಚಿತ್ರದುರ್ಗದಿಂದ ಸ್ವಲ್ಪವೇ ದೂರದ ಮರಡಿಹಳ್ಳಿಯಲ್ಲಿ ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿ ಉಕ್ಕಿ, ದಿಂಬಿನಾಕಾರದಲ್ಲಿ ಗಟ್ಟಿಯಾದ ಲಾವಾ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿದ ಕರ್ನಾಟಕದ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಅದೂ ಒಂದು, ಸೇಂಟ್ ಮೇರೀಸ್ ಕೂಡ ಒಂದು. ಕೋಟೆ ನೋಡಿ ಹಿಂತಿರುಗುವ ಬಹುತೇಕರಿಗೆ ಮರಡಿಹಳ್ಳಿಯ ಹೆಸರೇ ಗೊತ್ತಿರುವುದಿಲ್ಲ. ಒಂದು ಫಲಕ, ಒಂದು ಕಲ್ಲುಗುಡ್ಡ, ಅಷ್ಟೇ ಎಂದುಕೊಂಡು ಹೋದವರಿಗೂ ಅಲ್ಲಿ ನೋಡುವುದು ಬೇಕಾದಷ್ಟಿದೆ. ಮರುದಿನ ಶಿವಮೊಗ್ಗ, ತೀರ್ಥಹಳ್ಳಿ ದಾಟಿ ಆಗುಂಬೆಯ 14 ತಿರುವುಗಳನ್ನು ಹಗಲಲ್ಲೇ ಇಳಿಯಬೇಕು. ಬಯಲುಸೀಮೆಯ ನೇರ ರಸ್ತೆಗೆ ಒಗ್ಗಿದ ಡ್ರೈವರಿಗೆ ರಾತ್ರಿಯ ಘಾಟಿ ಬೇಡ. ಅದೇ ಹೆದ್ದಾರಿ, 169ಎ, ಹೆಬ್ರಿ, ಉಡುಪಿ ಹಾದು ಮಲ್ಪೆಯಲ್ಲಿ ಮುಗಿಯುತ್ತದೆ.

ಬುತ್ತಿಯ ವಿಚಾರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕರಾವಳಿಯಲ್ಲಿ ಜೋಳದ ರೊಟ್ಟಿ ಹುಡುಕುವುದು ವ್ಯರ್ಥ; ಊಟವೆಂದರೆ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿಯ ಪದಾರ್ಥ. ಕಟಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡರೆ ವಾರ ಕಳೆದರೂ ಕೆಡುವುದಿಲ್ಲ. ಮಕ್ಕಳಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ಒಳ್ಳೆಯದು, ಅರೆಮಾಗಿದ್ದನ್ನು ಆರಿಸಿಕೊಂಡರೆ ದಾರಿಯಲ್ಲಿ ಹಣ್ಣಾಗುತ್ತದೆ.

ದ್ವೀಪದ ಮೇಲೆ

ನಾಲ್ಕು ಮುಖ್ಯ ದ್ವೀಪಗಳಲ್ಲಿ ಪ್ರವಾಸಿಗರು ಇಳಿಯುವುದು ತೆಂಗಿನ ಮರಗಳಿರುವ, ಅರ್ಧ ಕಿಲೋಮೀಟರ್ ಉದ್ದದ ಕೋಕೊನಟ್ ದ್ವೀಪದಲ್ಲಿ. ಅಲ್ಲಿ ಜನವಸತಿ ಇಲ್ಲ, ರಾತ್ರಿ ಉಳಿಯಲು ಬಿಡುವುದಿಲ್ಲ. ಕೋಣೆ ಮಲ್ಪೆಯಲ್ಲೋ ಉಡುಪಿಯಲ್ಲೋ ಮಾಡಬೇಕು. ಮಲ್ಪೆ ಬಂದರಿನಿಂದ ಹೊರಡುವ ದೊಡ್ಡ ದೋಣಿಗಳು ಜನ ತುಂಬುವವರೆಗೆ ಕಾಯುತ್ತವೆ. ವಾರದ ನಡುವಿನ ದಿನ, ಬೆಳಗಿನ ಮೊದಲ ದೋಣಿ ಹಿಡಿದರೆ ನೂಕುನುಗ್ಗಲಿಲ್ಲದೆ ಬಂಡೆ ನೋಡಬಹುದು. ನೀರಿನ ಇಳಿತದ ಹೊತ್ತನ್ನು ಮೊಬೈಲಿನಲ್ಲಿ ನೋಡಿಕೊಂಡರೆ ಇನ್ನೂ ಒಳ್ಳೆಯದು, ಲಾವಾ ಗಟ್ಟಿಯಾಗಿ ನಿಂತ ಕಲ್ಲುಕಂಬಗಳ ಬುಡ ಆಗ ತೆರೆದುಕೊಳ್ಳುತ್ತದೆ. ವಾಂತಿಯ ಭಯವಿದ್ದವರು ಹೊಟ್ಟೆ ಬಿರಿಯ ತಿನ್ನದೆ ದೋಣಿಯ ಹಿಂಭಾಗದಲ್ಲಿ ಕೂರಬೇಕು. ಲೈಫ್ ಜಾಕೆಟ್ ಕೊಡದಿದ್ದರೆ ಕೇಳಿ ಪಡೆಯಬೇಕು, ಸಂಕೋಚ ಬೇಡ.

ಇಳಿದ ಕೂಡಲೇ ಸೆಲ್ಫಿಗೆ ಮೊದಲು ಕಾಲಡಿ ನೋಡುವುದು ಉತ್ತಮ. ಐದು, ಆರು, ಏಳು ಮುಖಗಳ ಕಲ್ಲುಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ಯಾರೂ ಕಡೆದಿದ್ದಲ್ಲ. ಲಾವಾ ಆರುವಾಗ ಕುಗ್ಗುತ್ತದೆ, ಕುಗ್ಗಿದಾಗ ಸೀಳುತ್ತದೆ. ಬೇಸಿಗೆಯಲ್ಲಿ ಎರೆಹೊಲ ಒಣಗಿ ಬಿರುಕು ಬಿಡುವ ಹಾಗೆಯೇ. ಸೀಳು ಮೇಲಿನಿಂದ ಒಳಕ್ಕೆ ಇಳಿಯುತ್ತ ಹೋದಾಗ ಕಂಬವಾಗುತ್ತದೆ. ಉತ್ತರ ಐರ್ಲೆಂಡಿನ ಜೈಂಟ್ಸ್ ಕಾಸ್‌ವೇ ಲೋಕಪ್ರಸಿದ್ಧವಾದದ್ದು ಇದೇ ಬಗೆಯ ಕಂಬಗಳಿಂದ. ಅಲ್ಲಿಯದು ಬಸಾಲ್ಟ್, ಇಲ್ಲಿಯದು ಸಿಲಿಕಾ ಹೆಚ್ಚಿರುವ, ತಿಳಿಬಣ್ಣದ ಕಲ್ಲು.

ಹಿಡಿತವಿರುವ ಚಪ್ಪಲಿ ಹಾಕಿಕೊಳ್ಳಬೇಕು. ದಡದಲ್ಲಿ ಮರಳಿಗಿಂತ ಚಿಪ್ಪು ಹೆಚ್ಚು, ಬರಿಗಾಲು ಕೊಯ್ಯುತ್ತದೆ. ಪಾಚಿ ಹಿಡಿದ ಕಂಬದ ಮೇಲೆ ಅಂಚಿಗೆ ಹೋಗುವುದು, ಬಂಡೆಗಳ ನಡುವೆ ಈಜುವುದು ಎರಡೂ ಬೇಡ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲೇ ನೀರುಪಾಲಾದರು. ಕೆರೆ, ಬಾವಿಯಲ್ಲಿ ಈಜು ಕಲಿತವರ ಧೈರ್ಯ ಕಡಲಿನ ಮುಂದೆ ನಡೆಯುವುದಿಲ್ಲ. ಕಾವಲು ಸಿಬ್ಬಂದಿ ಸೀಟಿ ಊದಿದರೆ ವಾದಕ್ಕಿಳಿಯದೆ ಹಿಂದೆ ಸರಿಯಬೇಕು.

1498ರಲ್ಲಿ ಪೋರ್ಚುಗೀಸ್ ನಾವಿಕ ವಾಸ್ಕೊ ಡ ಗಾಮ ಇಲ್ಲಿ ಇಳಿದು ಶಿಲುಬೆ ನೆಟ್ಟು, ಸಾಂತಾ ಮರಿಯಾಳ, ಅಂದರೆ ಸೇಂಟ್ ಮೇರಿಯ, ಹೆಸರಿಟ್ಟನೆಂಬ ಪ್ರತೀತಿಯಿದೆ. ಅಜೋರ್ಸ್‌ನಲ್ಲೂ ಸಾಂತಾ ಮರಿಯಾ ಎಂಬ ಜ್ವಾಲಾಮುಖಿ ದ್ವೀಪವಿದೆ. 1499ರಲ್ಲಿ ಊರಿಗೆ ಮರಳುವಾಗ ಗಾಮನ ಅಣ್ಣ ಪಾವ್ಲೊ ತೀರಿಕೊಂಡದ್ದು ಅದೇ ಸಮೂಹದ ಟೆರ್ಸೇರಾದಲ್ಲಿ.

ಅಷ್ಟು ದೂರ ಹೋಗಿಯೇ ತೀರುತ್ತೇವೆ ಎನ್ನುವವರಿಗೆ ಎರಡು ಮಾತು: ಅಜೋರ್ಸ್‌ನ ಒಂಬತ್ತು ದ್ವೀಪಗಳು ಪೋರ್ಚುಗಲ್‌ಗೆ, ಕ್ಯಾನರಿ ಸ್ಪೇನ್‌ಗೆ ಸೇರಿವೆ. ಎರಡಕ್ಕೂ ಷೆಂಗನ್ ವೀಸಾ ಬೇಕು, ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ, ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ಅಲ್ಲಿನ ಬೆಂಕಿ ಇನ್ನೂ ಆರಿಲ್ಲ: ಕ್ಯಾನರಿಯ ಲಾ ಪಾಲ್ಮಾದಲ್ಲಿ 2021ರ ಸೆಪ್ಟೆಂಬರ್ 19ರಂದು ಸಿಡಿದ ಜ್ವಾಲಾಮುಖಿ 85 ದಿನ ಉಗುಳಿತು. ವಿಮೆ ಕೊಳ್ಳುವಾಗ ಇಂಥ ಕಾರಣಕ್ಕೆ ವಿಮಾನ ರದ್ದಾದರೆ ಹಣ ಸಿಗುತ್ತದೆಯೇ ಎಂದು ಓದಿ ನೋಡಬೇಕು.

ಮಲ್ಪೆಗೆ ಮುಟ್ಟಿದ ಮೇಲೆ ಗಾಳಿ ಎದ್ದು ದೋಣಿ ನಿಂತರೆ ಕೈಯಲ್ಲಿ ಇನ್ನೊಂದು ಯೋಜನೆ ಇರಲಿ. ದಕ್ಷಿಣಕ್ಕೆ ಕಾಪುವಿನಲ್ಲಿ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ಕಾರ್ಕಳದಲ್ಲಿ 1432ರ, 42 ಅಡಿ ಎತ್ತರದ ಗೊಮ್ಮಟನಿದ್ದಾನೆ. ಕಾರ್ಕಳವನ್ನು ಬೆಳಿಗ್ಗೆ ಬಿಸಿಲೇರುವ ಮೊದಲು, ಕಾಪುವನ್ನು ಸಂಜೆಗೆ ಇಟ್ಟುಕೊಂಡರೆ ಎರಡೂ ಒಂದೇ ದಿನದಲ್ಲಿ ಮುಗಿಯುತ್ತವೆ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಬಂದರಿಗೆ ಹೋಗಿ ವಿಚಾರಿಸಲು ಅನುಕೂಲವಾಗುವಂತೆ ಕೋಣೆಯನ್ನು ಒಂದು ರಾತ್ರಿ ಹೆಚ್ಚಿಗೆ ಹಿಡಿದಿಡಬೇಕು.