ತೊಟ್ಟಿಲ ಕೂಸನ್ನೂ ಎಣಿಸಿ

ತಾಂಡಾದಲ್ಲಿ ಅಂಗನವಾಡಿ ಇಲ್ಲ, ಇರುವುದು ಹಳ್ಳದ ಆಚೆ ಊರಲ್ಲಿ. ಅವ್ವ ಗಂಗಾವತಿ ಕಡೆ ಬತ್ತದ ನಾಟಿಗೆ ಹೊರಟಳೆಂದರೆ ಕೂಸು ಎಂಟು ವರ್ಷದ ಅಕ್ಕನ ಸೊಂಟಕ್ಕೆ, ಅಕ್ಕನ ಶಾಲೆ ಅಲ್ಲಿಗೆ ಬಂದ್. ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ ಇದು ಹೊಸದಲ್ಲ. ಶಾಸಕರು ಬಂದಾಗ ಹಾರ ಹಾಕಿ ಮನವಿ ಕೊಡುವುದೂ ಹೊಸದಲ್ಲ. ಅದು ಫೋಟೊಕ್ಕೆ ಚೆಂದ, ಅಷ್ಟೆ.

ನಿಮ್ಮ ಕೈಲಿರುವ ಬಲ 2006ರ ಡಿಸೆಂಬರ್ 13ರ ಸುಪ್ರೀಂ ಕೋರ್ಟ್ ಆದೇಶ. ಅಂಗನವಾಡಿ ಇಲ್ಲದ ವಸತಿಯಲ್ಲಿ ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದರೆ, ಜನ ಕೇಳಿದ ದಿನದಿಂದ ಮೂರು ತಿಂಗಳೊಳಗೆ ಕೇಂದ್ರ ಕೊಡಬೇಕು.

ಮೊದಲ ಕೆಲಸ ಎಣಿಕೆ. ಎಡವುವುದೂ ಇಲ್ಲೇ. ನಾನು ನೋಡಿದ ಒಂದು ತಾಂಡಾದ ಪಟ್ಟಿಯಲ್ಲಿ, ನೋಟ್‌ಬುಕ್ ಹಾಳೆಯ ಮೇಲೆ, 26 ಹೆಸರಿದ್ದವು. ಪಟ್ಟಿ ಬರೆದವನ ತಲೆಯ ಮೇಲೇ ಸೀರೆಯ ಜೋಲಿ ತೂಗುತ್ತಿತ್ತು. ಅದರೊಳಗಿನ ಕೂಸಿನ ಹೆಸರೆಲ್ಲಿ ಎಂದರೆ, ‘ಅದು ಇನ್ನೂ ಸಣ್ಣದೈತ್ರಿ, ಅಂಗನವಾಡಿಗೆ ಹೋಗೂದಿಲ್ಲ’ ಎಂದ. ಆರು ವರ್ಷದೊಳಗೆ ಎಂದರೆ ನಿನ್ನೆ ಹುಟ್ಟಿದ್ದೂ ಲೆಕ್ಕಕ್ಕೆ ಬರುತ್ತದೆ. ಮತ್ತೆ ಮನೆಮನೆ ತಿರುಗಿದಾಗ 43 ಆಯಿತು. ಹೊಸದಾಗಿ ಸೇರಿದವರಲ್ಲಿ ನಡೆಯಲಾಗದ ಐದು ವರ್ಷದ ಹುಡುಗನೊಬ್ಬನಿದ್ದ. ಯಾರಾದರೂ ಬಂದರೆ ಅವನನ್ನು ಒಳಗೆ ಮಲಗಿಸುತ್ತಿದ್ದರು. ಅಂಥವನ ಹೆಸರು ಪಟ್ಟಿಯಲ್ಲಿ ಮೊದಲು ಬರಲಿ.

ಗುಳೆ ಹೋದವರ ಮನೆಗೆ ಬೀಗವಿದ್ದರೂ ಮಕ್ಕಳ ಹೆಸರು ಬರೆದು, ಪಕ್ಕದಲ್ಲಿ ‘ಗುಳೆ’ ಎಂದು ಹಾಕಿ. ಬಾಣಂತನಕ್ಕೆ ತವರಿಗೆ ಬಂದವಳ ಕೂಸನ್ನು ಮಾತ್ರ ಸೇರಿಸಬೇಡಿ. ಪರಿಶೀಲನೆಯಲ್ಲಿ ಒಂದು ಹೆಸರು ಸುಳ್ಳಾದರೆ ಉಳಿದವನ್ನೂ ಯಾರೂ ನಂಬುವುದಿಲ್ಲ.

ಅರ್ಜಿ ತಾಂಡಾದ ಅಥವಾ ಕೇರಿಯ ಹೆಸರಲ್ಲೇ ಇರಲಿ. ಊರ ಹೆಸರು ಬರೆದಿರೋ, ‘ಅಲ್ಲಿ ಕೇಂದ್ರ ಇದೆಯಲ್ಲ’ ಎಂಬ ಉತ್ತರ ಸಿದ್ಧವಿರುತ್ತದೆ. ನಡುವೆ ಹಳ್ಳವೋ ಹೆದ್ದಾರಿಯೋ ಇದ್ದರೆ ಅದನ್ನೂ ಬರೆಯಿರಿ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಗೆ ಒಂದು, ಪಂಚಾಯಿತಿಗೆ ಒಂದು ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಬೀಳದೆ ಕಚೇರಿಯಿಂದ ಏಳಬೇಡಿ. ಕೊಟ್ಟ ದಿನಕ್ಕೆ ಅದೇ ಸಾಕ್ಷಿ.

ಆರು ತಿಂಗಳು ದಾಟಿದ, ಮೂರು ವರ್ಷದೊಳಗಿನ ಕೂಸಿಗೆ ಮನೆಗೆ ಒಯ್ಯುವ ಆಹಾರ ಅಂಗನವಾಡಿಯಿಂದ ಸಿಗುತ್ತದೆ, ಹಗಲೆಲ್ಲ ನೋಡಿಕೊಳ್ಳುವ ವ್ಯವಸ್ಥೆ ಸಾಮಾನ್ಯವಾಗಿ ಅಲ್ಲಿಲ್ಲ. ಅದಕ್ಕೆ ಉದ್ಯೋಗ ಖಾತರಿ ಕೂಲಿ ಮಹಿಳೆಯರ ಮಕ್ಕಳಿಗೆಂದು 2023-24ರ ಬಜೆಟ್‌ನಲ್ಲಿ 4,000 ಪಂಚಾಯಿತಿಗಳಿಗೆ ಘೋಷಿಸಿದ ‘ಕೂಸಿನ ಮನೆ’ ಇದೆ. ನಿಮ್ಮಲ್ಲಿ ಅದು ಬಂದಿದೆಯೇ, ಬಂದಿದ್ದರೆ ಬಾಗಿಲು ತೆರೆದಿರುತ್ತದೆಯೇ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯನ್ನು (ಪಿಡಿಒ) ಕೇಳಿ. ಹೊಲದ ಕೆಲಸ ಏಳಕ್ಕೆ ಶುರುವಾಗುತ್ತದೆ. ಹತ್ತಕ್ಕೆ ತೆರೆಯುವ ಮನೆ ಕೂಲಿಯವಳಿಗೆ ಇದ್ದೂ ಇಲ್ಲದಂತೆ. ಬೇಕಾದ ಸಮಯವನ್ನು ಗ್ರಾಮಸಭೆಯಲ್ಲಿ ಹೇಳಿ, ನಡಾವಳಿಯಲ್ಲಿ ಬರೆಸಿ.

ಇನ್ನು ಮೂರು ಮಾತು. ಗುಳೆ ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ, ಹೋದ ಊರಿನ ಅಂಗನವಾಡಿಯಲ್ಲೂ ಹೆಸರು ಬರೆಸಬಹುದು. ಮಗುವಿನ ಆಧಾರ್ ಕಡ್ಡಾಯವಲ್ಲ, ಅವ್ವನದು ನಡೆಯುತ್ತದೆ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಬಾಲ ಸ್ವಾಸ್ಥ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ದಿನ ತಿಳಿದುಕೊಂಡು, ಒಳಗೆ ಮಲಗಿಸಿದ ಮಗುವನ್ನು ಅಂದು ಕರೆದುಕೊಂಡು ಹೋಗಿ.